ಕೀಲಿಮಣೆಗೆ ಸರ್ಕಾರದ ಮುದ್ರೆ: ಕನ್ನಡದ ಅನುಭವ ಹೇಳುವುದೇನು?

1. ಪ್ರಶ್ನೆ

ಮನುಷ್ಯನ ಕೈ, ಕಣ್ಣು, ಕಿವಿಗಳು ಕಂಪ್ಯೂಟರನ್ನು ಸಂಧಿಸುವ ಜಾಗಕ್ಕೆ ಇಂಟರ್‌ಫೇಸ್ ಎಂದು ಹೆಸರು. ಕೀಲಿಮಣೆ, ಪರದೆಯ ಮೇಲಿನ ಮೆನು, ಒತ್ತುವ ಗುಂಡಿ, ಓದುವ ಅಕ್ಷರ ಇವೆಲ್ಲ ಅದರ ಭಾಗಗಳು. ಇವು ಎಲ್ಲ ಯಂತ್ರಗಳಲ್ಲೂ ಒಂದೇ ಬಗೆಯಾಗಿರಬೇಕೆಂದು ಸರ್ಕಾರ ನಿಯಮ ಮಾಡಬೇಕೇ? ಮಾಡಬೇಕು ಎನ್ನುವವರ ವಾದ ಸರಳವಾದದ್ದು: ಒಮ್ಮೆ ಕಲಿತ ವಿದ್ಯೆ ಎಲ್ಲ ಕಡೆಯೂ ನಡೆಯಬೇಕು, ಯಂತ್ರ ಬದಲಾದಾಗಲೆಲ್ಲ ಜನ ಮತ್ತೆ ಅಕ್ಷರಾಭ್ಯಾಸಕ್ಕೆ ಕೂರಬಾರದು. ಬೇಡ ಎನ್ನುವವರ ವಾದವೂ ಹಗುರವಲ್ಲ: ಸರ್ಕಾರ ಇಂದು ಗೊತ್ತುಮಾಡಿದ್ದು ನಾಳೆಯ ಒಳ್ಳೆಯದನ್ನು ತಡೆಯಬಹುದು.

ಈ ಚರ್ಚೆಯನ್ನು ಬರಿಯ ತತ್ತ್ವದ ಮಟ್ಟದಲ್ಲಿ ಬಿಡದೆ, ಕನ್ನಡ ಕೀಲಿಮಣೆಯ ಇತಿಹಾಸಕ್ಕೆ ಹಚ್ಚಿ ನೋಡುವುದು ಈ ಟಿಪ್ಪಣಿಯ ಉದ್ದೇಶ. ಈ ಆಯ್ಕೆಗೆ ಕಾರಣವಿದೆ. ಒಂದೇ ಭಾಷೆಯನ್ನು ಬೆರಳಚ್ಚು ಮಾಡುವ ಒಂದೇ ಕೆಲಸಕ್ಕೆ ನಮ್ಮಲ್ಲಿ ಎರಡು ಸರ್ಕಾರಗಳು ಎರಡು ಶಿಷ್ಟತೆಗಳನ್ನು ಕೊಟ್ಟವು. ಒಂದು ಜನರ ಬೆರಳಿಗೆ ಇಳಿಯಿತು. ಇನ್ನೊಂದು ಬಹುಮಟ್ಟಿಗೆ ಯಂತ್ರದೊಳಗೇ ಉಳಿಯಿತು. ಇವುಗಳ ಜೊತೆಗೇ ಬಂದ ಮೂರನೆಯ ಶಿಷ್ಟತೆ, ಅಂದರೆ ಫಾಂಟಿನ ಒಳಗಿನ ಸಂಕೇತಗಳದ್ದು, ಮೊದಲು ಉಪಕಾರ ಮಾಡಿ ಆಮೇಲೆ ತೊಡಕಾಯಿತು. ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಸರ್ಕಾರದ ಕೈ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದು ತಕ್ಕಮಟ್ಟಿಗೆ ಸ್ಪಷ್ಟವಾಗುತ್ತದೆ.

2. ಎರಡು ವಿನ್ಯಾಸ, ಎರಡು ದಾರಿ

ಮೊದಲನೆಯದು ಇನ್‌ಸ್ಕ್ರಿಪ್ಟ್. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಭಾರತೀಯ ಲಿಪಿಗಳಿಗೆಲ್ಲ ಹೊಂದುವ ಒಂದು ಕೀಲಿಮಣೆ ವಿನ್ಯಾಸವನ್ನು ಮುಂದಿಟ್ಟಿತು. 1988ರಲ್ಲಿ ಅದು ಪರಿಷ್ಕಾರಗೊಂಡಿತು. 1991ರಲ್ಲಿ ಭಾರತೀಯ ಮಾನಕ ಬ್ಯೂರೋ ಪ್ರಕಟಿಸಿದ ಐಎಸ್ 13194, ಅಂದರೆ ಇಸ್ಕಿ ಎಂದು ಕರೆಯುವ ಸಂಕೇತ ಶಿಷ್ಟತೆಯ ಜೊತೆಗೇ ಈ ವಿನ್ಯಾಸಕ್ಕೂ ಅಧಿಕೃತ ಸ್ಥಾನ ಸಿಕ್ಕಿತು. ಇದರ ಹಿಂದಿನ ಆಲೋಚನೆ ದೊಡ್ಡದು. ಬ್ರಾಹ್ಮಿಯಿಂದ ಬಂದ ನಮ್ಮ ಲಿಪಿಗಳ ವರ್ಣಮಾಲೆ ಬಹುಪಾಲು ಒಂದೇ. ಹಾಗಾದರೆ ಕನ್ನಡದ ‘ಕ’, ತೆಲುಗಿನ ‘ಕ’, ದೇವನಾಗರಿಯ ‘ಕ’ ಮೂರೂ ಒಂದೇ ಕೀಲಿಯಲ್ಲಿ ಯಾಕಿರಬಾರದು? ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಪಾಲು ಬಲಗೈಗೆ. ಅಲ್ಪಪ್ರಾಣದ ಕೀಲಿಯನ್ನೇ ಶಿಫ್ಟ್ ಜೊತೆ ಒತ್ತಿದರೆ ಮಹಾಪ್ರಾಣ. ಒಂದು ಲಿಪಿಯಲ್ಲಿ ಕೈ ಪಳಗಿದವರು ಇನ್ನೊಂದಕ್ಕೆ ಸುಲಭವಾಗಿ ದಾಟಬಹುದು.

ಎರಡನೆಯದು ಕರ್ನಾಟಕದಲ್ಲೇ ಹುಟ್ಟಿದ್ದು. ಮಂಗಳೂರಿನ ಬಳಿಯ ಕಿನ್ನಿಕಂಬಳದಲ್ಲಿ 1940ರಲ್ಲಿ ಹುಟ್ಟಿದ ಕೆ. ಪಿ. ರಾವ್ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಟಾಟಾ ಪ್ರೆಸ್, ಮೊನೊಟೈಪ್ ಇಲ್ಲೆಲ್ಲ ಕೆಲಸ ಮಾಡಿ ಅಕ್ಷರ ಜೋಡಣೆಯ ಒಳಹೊರಗನ್ನು ಬಲ್ಲವರಾಗಿದ್ದರು. ಅವರು ರೂಪಿಸಿದ ಕನ್ನಡ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿನ ಗೌರವವಾಗಿ ‘ಸೇಡಿಯಾಪು’ ಎಂದು ಹೆಸರಿಟ್ಟರು. ಅದನ್ನು ಉಚಿತವಾಗಿ ಹಂಚಿದರು. ಅವರ ವಿನ್ಯಾಸದ ಮೂಲಸೂತ್ರ ಹೀಗಿದೆ: ಕನ್ನಡವನ್ನು ಉಚ್ಚಾರಣೆಯ ಕ್ರಮದಲ್ಲೇ ಬೆರಳಚ್ಚು ಮಾಡಬೇಕು, ಗುಣಿತ ಮತ್ತು ಒತ್ತಕ್ಷರಗಳ ಆಕಾರ ಕೂಡಿಸುವ ಕೆಲಸ ಯಂತ್ರದ್ದು. ಇಂಗ್ಲಿಷಿನ 26 ಅಕ್ಷರದ ಕೀಲಿಗಳೊಳಗೆ ಕನ್ನಡದ ವರ್ಣಮಾಲೆ ಹಿಡಿಸಬೇಕು. ಧ್ವನಿ ಹೊಂದುವಲ್ಲೆಲ್ಲ ಇಂಗ್ಲಿಷ್ ಅಕ್ಷರವೇ ನೆನಪಿನ ಗುರುತಾಗಬೇಕು. ಕೆ ಕೀಲಿಗೆ ಕ, ಶಿಫ್ಟ್ ಕೆಗೆ ಖ. ಜಿಗೆ ಗ, ಶಿಫ್ಟ್ ಜಿಗೆ ಘ. ಧ್ವನಿ ಹೊಂದದ ಕೆಲವಕ್ಕೆ ಉಳಿದ ಕೀಲಿಗಳು: ಕ್ಯೂನಲ್ಲಿ ಟ, ಡಬ್ಲ್ಯೂನಲ್ಲಿ ಡ, ಎಕ್ಸ್‌ನಲ್ಲಿ ಷ. ವ್ಯಂಜನದಿಂದ ಸ್ವರ ಕಳೆದು ಒತ್ತು ಕೂಡಿಸಲು ಎಫ್.

ತೊಂಬತ್ತರ ದಶಕದ ಕೊನೆಗೆ ಕನ್ನಡ ಡಿಟಿಪಿ ಲೋಕದಲ್ಲಿ ಶ್ರೀಲಿಪಿ, ಪ್ರಕಾಶಕ್, ಆಕೃತಿ, ಸುರಭಿ ಮುಂತಾದ ಹಲವು ತಂತ್ರಾಂಶಗಳಿದ್ದವು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ಒಂದೊಂದರ ಕೀಲಿ ಜೋಡಣೆ ಒಂದೊಂದು ಬಗೆ, ಒಂದೊಂದರ ಫಾಂಟಿನ ಸಂಕೇತ ಬೇರೆ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗೀಟುಗಳು. ಆಡಳಿತವನ್ನು ಕನ್ನಡದಲ್ಲಿ ನಡೆಸಹೊರಟ ಸರ್ಕಾರಕ್ಕೆ ಇದು ನಿಜವಾದ ಅಡಚಣೆ. ಇಂಥ ಹೊತ್ತಿನಲ್ಲಿ ಕನ್ನಡ ಗಣಕ ಪರಿಷತ್ತು ಕೆ. ಪಿ. ರಾವ್ ವಿನ್ಯಾಸವನ್ನು ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಶಿಷ್ಟತೆಯ ಆಧಾರವಾಗಿ ಒಪ್ಪಿತು. 2000ದ ಸುಮಾರಿಗೆ ರಾಜ್ಯ ಸರ್ಕಾರ ಅದಕ್ಕೆ ಮಾನ್ಯತೆ ಕೊಟ್ಟಿತು. ಸರ್ಕಾರಕ್ಕಾಗಿ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶ ಆ ಶಿಷ್ಟತೆಯನ್ನು ಹೊತ್ತು ಕಚೇರಿಗಳಿಗೆ ಬಂತು. ಪರಿಷತ್ತಿನ ಮೊದಲಕ್ಷರಗಳಿಂದ ಆ ಕೀಲಿಮಣೆ ವಿನ್ಯಾಸಕ್ಕೆ ‘ಕಗಪ’ ಎಂಬ ಹೆಸರು ನಿಂತಿತು.

3. ಎರಡು ಪದಗಳ ಪರೀಕ್ಷೆ

ಎರಡು ವಿನ್ಯಾಸಗಳಲ್ಲಿ ಯಾವುದು ಉತ್ತಮ ಎಂಬ ವಾದ ಬಹಳ ಕಾಲದಿಂದ ಇದೆ. ಅದನ್ನು ಅಳೆಯಲು ಯಾರು ಬೇಕಾದರೂ ಮೇಜಿನ ಮುಂದೆ ಕೂತು ಮಾಡಬಹುದಾದ ಒಂದು ಸಣ್ಣ ಪರೀಕ್ಷೆ ಸಾಕು.

‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳೋಣ. ಕಗಪದಲ್ಲಿ ಕೆ, ಎನ್, ಎಫ್, ಎನ್, ಡಬ್ಲ್ಯೂ: ಐದು ಒತ್ತು. ಇನ್‌ಸ್ಕ್ರಿಪ್ಟ್‌ನಲ್ಲಿ ಕೆ, ವಿ, ಡಿ, ವಿ, ಆಮೇಲೆ ಪಿ ಪಕ್ಕದ ಚೌಕ ಆವರಣದ ಕೀಲಿ: ಅದೂ ಐದೇ ಒತ್ತು. ಎರಡರಲ್ಲೂ ಬೆರಳು ಹೋಗುವ ಕ್ರಮ ಒಂದೇ: ಕ, ನ, ಸ್ವರ ಕಳೆಯುವ ಗುರುತು, ನ, ಡ. ಇಂಗ್ಲಿಷ್ ಕಾಗುಣಿತದಲ್ಲಿ ಬರೆದು ಕನ್ನಡ ಪಡೆಯುವ ಲಿಪ್ಯಂತರಣ ಕ್ರಮದಲ್ಲಿ ಇದೇ ಪದಕ್ಕೆ ಏಳು ಒತ್ತು ಬೇಕು, ಏಕೆಂದರೆ ಪ್ರತಿ ‘ಅ’ಕಾರವನ್ನೂ ಬರೆಯಬೇಕು.

ಈಗ ‘ಶಾಸ್ತ್ರ’. ಕಗಪದಲ್ಲೂ ಇನ್‌ಸ್ಕ್ರಿಪ್ಟ್‌ನಲ್ಲೂ ಏಳು ಒತ್ತು. ಕಗಪದಲ್ಲಿ ‘ಶ’ಕ್ಕೂ ದೀರ್ಘಕ್ಕೂ ಶಿಫ್ಟ್ ಹಿಡಿಯಬೇಕು, ಅಂದರೆ ಎರಡು ಸಲ. ಇನ್‌ಸ್ಕ್ರಿಪ್ಟ್‌ನಲ್ಲಿ ‘ಶ’ಕ್ಕೆ ಮಾತ್ರ. ಲಿಪ್ಯಂತರಣದಲ್ಲಿ ಆರೇ ಒತ್ತು ಸಾಕು, ಒತ್ತಕ್ಷರಕ್ಕೆ ಪ್ರತ್ಯೇಕ ಕೀಲಿ ಬೇಕಿಲ್ಲದ್ದರಿಂದ.

ಈ ಎರಡು ಪದಗಳಿಂದ ಇಡೀ ಭಾಷೆಯ ಬಗ್ಗೆ ತೀರ್ಪು ಕೊಡಲಾಗದು, ನಿಜ. ಆದರೆ ಇವು ಒಂದು ಮಾತನ್ನು ಖಚಿತವಾಗಿ ತೋರಿಸುತ್ತವೆ. ಕಗಪ ಮತ್ತು ಇನ್‌ಸ್ಕ್ರಿಪ್ಟ್ ನಡುವಿನ ವ್ಯತ್ಯಾಸ ಒತ್ತುಗಳ ಸಂಖ್ಯೆಯಲ್ಲಿಲ್ಲ, ಬರವಣಿಗೆಯ ತರ್ಕದಲ್ಲಿಯೂ ಇಲ್ಲ. ಎರಡೂ ಉಚ್ಚಾರಣೆಯ ಕ್ರಮವನ್ನೇ ಹಿಡಿದಿವೆ. ಶಿಫ್ಟ್ ಬಳಕೆಯ ಲೆಕ್ಕದಲ್ಲಿ ಇಲ್ಲಿ ಇನ್‌ಸ್ಕ್ರಿಪ್ಟ್ ಒಂದು ಹೆಜ್ಜೆ ಮುಂದೆಯೇ ಇದೆ. ಆದರೂ ಕರ್ನಾಟಕದ ಕಚೇರಿಗಳಲ್ಲಿ ನಿಂತದ್ದು ಕಗಪ. ಕಾರಣವನ್ನು ವಿನ್ಯಾಸದ ಗುಣದಲ್ಲಿ ಮಾತ್ರ ಹುಡುಕಿದರೆ ಸಿಗುವುದಿಲ್ಲ.

4. ಒಂದು ಬೇರುಬಿಟ್ಟಿತು, ಯಾಕೆ?

ಮೊದಲ ಕಾರಣ ಕೀಲಿಯ ಮೇಲಿನ ಅಚ್ಚು. ನಮ್ಮ ಅಂಗಡಿಗಳಲ್ಲಿ ಮಾರಾಟವಾದ ಕೀಲಿಮಣೆಗಳ ಮೇಲೆ ಇದ್ದದ್ದು ಇಂಗ್ಲಿಷ್ ಅಕ್ಷರಗಳು ಮಾತ್ರ. ಕಗಪಕ್ಕೆ ಆ ಅಚ್ಚೇ ಪಾಠ: ಎಂ ನೋಡಿದರೆ ಮ, ಪಿ ನೋಡಿದರೆ ಪ. ಇನ್‌ಸ್ಕ್ರಿಪ್ಟ್ ಕಲಿಯುವವರಿಗೆ ಅದೇ ಅಚ್ಚು ಅಡ್ಡಿ: ಸಿ ಕೀಲಿ ಒತ್ತಿದರೆ ಮ ಬರುತ್ತದೆ, ಎಚ್ ಒತ್ತಿದರೆ ಪ. ಕಣ್ಣಿಗೆ ಕಾಣುವುದನ್ನು ಮರೆತು ಕಲಿಯಬೇಕಾದ ವಿದ್ಯೆಗೆ ಗುರು ಬೇಕು, ತರಗತಿ ಬೇಕು, ಸಮಯ ಬೇಕು. ಕೇಂದ್ರದ ಶಿಷ್ಟತೆ ಪುಸ್ತಕದಲ್ಲಿ ಪೂರ್ಣವಾಗಿತ್ತು. ಅದನ್ನು ಕಲಿಸುವ ಏರ್ಪಾಡು ಅದರ ಜೊತೆ ಊರೂರಿಗೆ ಬರಲಿಲ್ಲ.

ಎರಡನೆಯದು, ಬಳಕೆ ಮೊದಲು ಬಂದು ಆದೇಶ ಆಮೇಲೆ ಬಂತು. ಸರ್ಕಾರ ಮಾನ್ಯ ಮಾಡುವ ಹೊತ್ತಿಗೆ ಈ ವಿನ್ಯಾಸದಲ್ಲಿ ಕೈ ಪಳಗಿದ ಜನ ಆಗಲೇ ಇದ್ದರು. ಸರ್ಕಾರ ಹೊಸ ದಾರಿ ಕಡಿಯಲಿಲ್ಲ. ಜನ ನಡೆದು ಸವೆಸಿದ ಕಾಲುದಾರಿಗೆ ಕಲ್ಲು ಹಾಸಿತು.

ಮೂರನೆಯದು, ಉಪಕರಣವನ್ನು ಉಚಿತವಾಗಿ ಕೊಟ್ಟದ್ದು. ಶಿಷ್ಟತೆ ಎಂದರೆ ಕಾಗದದ ಮೇಲಿನ ಪಟ್ಟಿ ಮಾತ್ರವಾದರೆ ಅದನ್ನು ತಂತ್ರಾಂಶದೊಳಗೆ ತರುವ ಹೊರೆ ವ್ಯಾಪಾರಿಯ ಮೇಲೆ, ಬೆಲೆ ತೆರುವ ಹೊರೆ ಬಳಕೆದಾರನ ಮೇಲೆ ಬೀಳುತ್ತದೆ. ನುಡಿ ಹಾಗಲ್ಲ. ತಾಲ್ಲೂಕು ಕಚೇರಿಯ ಎದುರು ಅರ್ಜಿ ಬರೆದುಕೊಡುವ ಪುಟ್ಟ ಅಂಗಡಿಯಾತನಿಗೂ ಅದು ದಕ್ಕಿತು.

ನಾಲ್ಕನೆಯದು, ಸರ್ಕಾರವೇ ದೊಡ್ಡ ಬಳಕೆದಾರ. ಟಿಪ್ಪಣಿ, ಸುತ್ತೋಲೆ, ನಡಾವಳಿ ಎಲ್ಲ ಒಂದೇ ಕ್ರಮದಲ್ಲಿ ತಯಾರಾಗತೊಡಗಿದಾಗ ಕೆಲಸ ಹುಡುಕುವ ಯುವಕ ಯುವತಿಯರು ಅದನ್ನೇ ಕಲಿತರು. ‘ಕನ್ನಡ ಟೈಪಿಂಗ್ ಬರುತ್ತಾ?’ ಎಂದು ಕೇಳುವ ಬದಲು ‘ನುಡಿ ಬರುತ್ತಾ?’ ಎಂದು ಕೇಳುವ ವಾಡಿಕೆ ಬಂತು. ಕೀಲಿಮಣೆಯ ಹೆಸರೇ ಕೌಶಲದ ಹೆಸರಾಯಿತು.

ಈ ಯಶಸ್ಸಿನ ಒಂದು ಫಲವನ್ನು ಕನ್ನಡಿಗರು ಅಷ್ಟಾಗಿ ಗಮನಿಸಿಲ್ಲ. ಲಿನಕ್ಸ್ ಯಂತ್ರಗಳ ಕೀಲಿಮಣೆ ಪಟ್ಟಿಯಲ್ಲಿ ಇಂದು ‘ಕಗಪ’ ಎಂಬ ಹೆಸರು ಕನ್ನಡದ ಮುಂದೆ ಮಾತ್ರವಲ್ಲ, ತೆಲುಗು, ಹಿಂದಿ, ಮರಾಠಿ, ಸಂಸ್ಕೃತಗಳ ಮುಂದೆಯೂ ಇದೆ. ದೆಹಲಿ ರೂಪಿಸಿದ ಸರ್ವಲಿಪಿ ವಿನ್ಯಾಸದ ಪಕ್ಕದಲ್ಲೇ, ಕನ್ನಡಕ್ಕಾಗಿ ಹುಟ್ಟಿದ ವಿನ್ಯಾಸವೊಂದು ಯಾರ ಆದೇಶವೂ ಇಲ್ಲದೆ ನಾಲ್ಕು ಬೇರೆ ಭಾಷೆಗಳಿಗೆ ಹಬ್ಬಿದೆ. ಮುಚ್ಚಿಡದೆ ಪ್ರಕಟಿಸಿದ ಶಿಷ್ಟತೆಗೆ ಇಂಥ ಶಕ್ತಿ ಇರುತ್ತದೆ.

5. ಫಾಂಟ್ ಸಂಕೇತದ ಪಾಠ

ಕೀಲಿಮಣೆಯ ಜೊತೆಗೇ ಇನ್ನೊಂದು ಶಿಷ್ಟತೆಯೂ ಬಂತು: ಅಕ್ಷರಗಳ ತುಣುಕುಗಳಿಗೆ ಫಾಂಟಿನ ಒಳಗೆ ಯಾವ ಸಂಖ್ಯೆ ಎಂಬುದು. ಇದು ಬೆರಳಿಗೆ ಕಾಣುವುದಿಲ್ಲ, ಆದರೆ ಕಡತದ ಆಯುಷ್ಯ ನಿರ್ಧಾರವಾಗುವುದು ಇಲ್ಲಿಯೇ.

ಹಳೆಯ ನುಡಿ ಕಡತವೊಂದನ್ನು ತೆರೆದು, ‘ಕನ್ನಡ’ ಎಂಬ ಪದದ ಫಾಂಟನ್ನು ಯಾವುದಾದರೂ ಇಂಗ್ಲಿಷ್ ಫಾಂಟಿಗೆ ಬದಲಿಸಿ ನೋಡಿ. ಪರದೆಯ ಮೇಲೆ ಏಳು ಚಿಹ್ನೆಗಳು ಕಾಣುತ್ತವೆ: ದೊಡ್ಡ ಪಿ, ತಲೆಯ ಮೇಲೆ ಓರೆ ಗೀಟಿರುವ ಎ, ಪೌಂಡ್ ನಾಣ್ಯದ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಎಸ್ಸೆಟ್, ಚಿಕ್ಕ ಕ್ಯೂ, ಮತ್ತೆ ಅದೇ ಎ. ಪಿ ಎಂದರೆ ಕಕಾರದ ಮೈ, ಗೀಟಿನ ಎ ಎಂದರೆ ತಲಕಟ್ಟು. ಪೌಂಡ್ ಮತ್ತು ತಲಕಟ್ಟು ಸೇರಿ ನ, ಎಸ್ಸೆಟ್ ಎಂದರೆ ನಕಾರದ ಒತ್ತು, ಕ್ಯೂ ಮತ್ತು ತಲಕಟ್ಟು ಸೇರಿ ಡ. ಅಚ್ಚುಮೊಳೆ ಜೋಡಿಸುವಾತ ತುಣುಕುಗಳನ್ನು ಸಾಲಾಗಿ ಇಟ್ಟಂತೆ ಯಂತ್ರವೂ ಆಕಾರಗಳನ್ನು ಸಾಲಾಗಿ ಇಟ್ಟಿದೆ. ಅದಕ್ಕೆ ಭಾಷೆ ಗೊತ್ತಿಲ್ಲ. ಕಂಪ್ಯೂಟರಿನ ಪಾಲಿಗೆ ಇದು ಯೂರೋಪಿನ ಅಕ್ಷರಗಳ ಒಂದು ಸಾಲು.

‘ಸರ್ಕಾರ’ ಎಂಬ ಪದದಲ್ಲಿ ಇದು ಇನ್ನೂ ಸ್ಪಷ್ಟ. ನಾವು ಉಚ್ಚರಿಸುವಾಗ ರಕಾರ ಮೊದಲು, ಕಾ ಆಮೇಲೆ. ಬರೆಯುವಾಗ ಅರ್ಕಾವೊತ್ತು ‘ಕಾ’ದ ಬಲಕ್ಕೆ ಬರುತ್ತದೆ. ಫಾಂಟ್ ಸಂಕೇತ ಕಣ್ಣಿನ ಕ್ರಮವನ್ನು ಹಿಡಿಯುತ್ತದೆ: ಸ, ಕಾ, ಅರ್ಕಾವೊತ್ತು, ರ. ಇಂದು ಲೋಕವೆಲ್ಲ ಒಪ್ಪಿದ ಯೂನಿಕೋಡ್ ಎಂಬ ಸಂಕೇತ ಧ್ವನಿಯ ಕ್ರಮವನ್ನು ಹಿಡಿಯುತ್ತದೆ: ಸ, ರ, ಸ್ವರ ಕಳೆಯುವ ಗುರುತು, ಕ, ದೀರ್ಘ, ರ. ಮೊದಲನೆಯದನ್ನು ಅಕಾರಾದಿಯಾಗಿ ಜೋಡಿಸಲು ಹೊರಟರೆ ಪಟ್ಟಿ ದಾರಿ ತಪ್ಪುತ್ತದೆ. ಎರಡನೆಯದು ಕನ್ನಡ ನಿಘಂಟಿನ ತರ್ಕಕ್ಕೆ ಹತ್ತಿರ.

ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ, ಅಂದರೆ 1991ರಲ್ಲಿಯೇ, ಕನ್ನಡಕ್ಕೆ 128 ಸ್ಥಾನಗಳ ಒಂದು ಭಾಗ ಮೀಸಲಾಗಿತ್ತು. ಆದರೆ 2000ದ ಹೊತ್ತಿಗೆ ಕಚೇರಿಗಳಲ್ಲಿದ್ದ ಯಂತ್ರಗಳು ಯೂನಿಕೋಡ್ ಕನ್ನಡವನ್ನು ಪರದೆಯ ಮೇಲೆ ಸರಿಯಾಗಿ ಕೂಡಿಸಿ ತೋರಿಸಬಲ್ಲವಾಗಿರಲಿಲ್ಲ. ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟನ್ನೂ ಇನ್‌ಸ್ಕ್ರಿಪ್ಟ್ ಕೀಲಿಮಣೆಯನ್ನೂ ಹೊತ್ತು ಬಂದದ್ದು 2001ರ ಕೊನೆಗೆ. ಪುಟ ವಿನ್ಯಾಸಕ್ಕೆ ಎಲ್ಲರೂ ಬಳಸುತ್ತಿದ್ದ ಪೇಜ್‌ಮೇಕರ್ ಕೊನೆಯವರೆಗೂ ಯೂನಿಕೋಡನ್ನು ಅರಿಯಲೇ ಇಲ್ಲ. ಇನ್‌ಡಿಸೈನ್‌ಗೆ ಭಾರತೀಯ ಲಿಪಿಗಳ ಬೆಂಬಲ ಬಂದದ್ದು 2012ರ ಆವೃತ್ತಿಯಲ್ಲಿ. ಹೀಗಿರುವಾಗ ಹತ್ತಾರು ಖಾಸಗಿ ಸಂಕೇತಗಳ ಬದಲು ಒಂದೇ ಸಂಕೇತ ಇರಲಿ ಎಂದದ್ದು ಆ ಕಾಲಕ್ಕೆ ವಿವೇಕದ ಮಾತು. ನುಡಿಯ ಕಡತ ಬರಹದಲ್ಲಿ ತೆರೆಯುವಂತಾದದ್ದು ಆ ಶಿಷ್ಟತೆಯಿಂದಲೇ.

ತಪ್ಪು ಬೇರೆ ಕಡೆ ಇದೆ. ತಾತ್ಕಾಲಿಕವಾಗಿ ಬೇಕಾಗಿದ್ದ ಏರ್ಪಾಡಿಗೆ ಮುಕ್ತಾಯದ ದಿನ ಬರೆದಿರಲಿಲ್ಲ. ಯಂತ್ರಗಳು ಯೂನಿಕೋಡಿಗೆ ಸಿದ್ಧವಾದ ಮೇಲೂ ‘ನುಡಿ ಫಾಂಟಿನಲ್ಲೇ ಕಳಿಸಿ’ ಎಂಬ ಮಾತು ಕಚೇರಿ, ಮುದ್ರಣಾಲಯ, ವಿಶ್ವವಿದ್ಯಾಲಯಗಳಲ್ಲಿ ನಡೆಯುತ್ತಲೇ ಇತ್ತು. ಚಿದಾನಂದ ಗೌಡರ ಅಧ್ಯಕ್ಷತೆಯ ಕನ್ನಡ ತಂತ್ರಾಂಶ ಸಮಿತಿಯ ಕೆಲಸ ನಡೆದು, ಸರ್ಕಾರ ಯೂನಿಕೋಡನ್ನು ಒಪ್ಪುವ ಹೊತ್ತಿಗೆ ಒಂದು ದಶಕದ ಕಡತಗಳು ಹಳೆಯ ಸಂಕೇತದಲ್ಲಿ ಕೂತಿದ್ದವು. ಅಂಥ ಪಿಡಿಎಫ್ ಒಂದರಲ್ಲಿ ‘ಕನ್ನಡ’ ಎಂದು ಹುಡುಕಿದರೆ ಸಿಗುವುದಿಲ್ಲ. ಕಣ್ಣು ಕಾಣದ ಓದುಗರೊಬ್ಬರು ತೆರೆ ಓದುವ ತಂತ್ರಾಂಶದಿಂದ ಅದನ್ನು ಕೇಳಹೊರಟರೆ ಕಿವಿಗೆ ಬೀಳುವುದು ಪಿ, ಪೌಂಡ್, ಕ್ಯೂ ಎಂಬ ಸದ್ದು. ತನ್ನ ಭಾಷೆಯಲ್ಲಿ ತನ್ನ ಸರ್ಕಾರ ಪ್ರಕಟಿಸಿದ ಆದೇಶ ತನಗೇ ದಕ್ಕುವುದಿಲ್ಲ ಎಂಬುದು ಸಣ್ಣ ನೋವಲ್ಲ.

6. ಬೇರೆ ನಾಡುಗಳ ಸಾಕ್ಷ್ಯ

ಕನ್ನಡದ ಅನುಭವ ಒಂಟಿಯಲ್ಲ. ನೆರೆಯ ತಮಿಳುನಾಡಿನಲ್ಲಿ 1999ರ ಫೆಬ್ರವರಿಯಲ್ಲಿ ಚೆನ್ನೈನಲ್ಲಿ ನಡೆದ ತಮಿಳ್‌ನೆಟ್ ಸಮ್ಮೇಳನದ ಬೆನ್ನಿಗೆ ಸರ್ಕಾರ ‘ತಮಿಳ್99’ ಕೀಲಿಮಣೆಯನ್ನೂ ಟ್ಯಾಮ್, ಟ್ಯಾಬ್ ಎಂಬ ಎರಡು ಫಾಂಟ್ ಸಂಕೇತಗಳನ್ನೂ ಒಟ್ಟಿಗೆ ಶಿಷ್ಟ ಮಾಡಿತು. 2010ರಲ್ಲಿ ಸರ್ಕಾರ ಯೂನಿಕೋಡಿಗೆ ಬದಲಾಯಿತು. ಹಳೆಯ ಸಂಕೇತಗಳು ಹಿಂದೆ ಬಿದ್ದವು. ಕೀಲಿಮಣೆ ಮಾತ್ರ ಇಂದಿಗೂ ಬಳಕೆಯಲ್ಲಿದೆ. ಎರಡು ರಾಜ್ಯಗಳಲ್ಲಿ ಬೇರೆ ಬೇರೆಯಾಗಿ ನಡೆದ ಪ್ರಯತ್ನ ಒಂದೇ ಫಲ ಕೊಟ್ಟಿದೆ: ಬೆರಳಿನ ಶಿಷ್ಟತೆ ಬಾಳಿತು, ಸಂಕೇತದ ಸ್ಥಳೀಯ ಶಿಷ್ಟತೆ ಬಾಳಲಿಲ್ಲ. ಕೈಯ ಅಭ್ಯಾಸ ವ್ಯಕ್ತಿಯದು, ಊರಿನದು. ಸಂಕೇತ ಮಾತ್ರ ಲೋಕದ ಎಲ್ಲ ಯಂತ್ರಗಳ ನಡುವಿನ ಒಪ್ಪಂದ.

ಆದೇಶವು ಬಳಕೆಯನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಕೊರಿಯ ಉದಾಹರಣೆ. ಅಲ್ಲಿ ಕಣ್ಣಿನ ವೈದ್ಯ ಕಾಂಗ್ ಬ್ಯುಂಗ್-ವೂ 1949ರಲ್ಲಿ ರೂಪಿಸಿದ, ಅಕ್ಷರಗಳನ್ನು ಮೂರು ಗುಂಪಾಗಿ ಹಂಚಿದ ಬೆರಳಚ್ಚು ಯಂತ್ರ ವೇಗಕ್ಕೆ ಹೆಸರಾಗಿತ್ತು. 1969ರಲ್ಲಿ ಸರ್ಕಾರ ಅದನ್ನು ಬದಿಗಿಟ್ಟು ನಾಲ್ಕು ಗುಂಪಿನ ಬೇರೊಂದು ವಿನ್ಯಾಸವನ್ನು ಶಿಷ್ಟ ಎಂದು ಸಾರಿತು. ಎಂಬತ್ತರ ದಶಕದ ಆರಂಭದಲ್ಲಿ ಅದನ್ನೂ ಬಿಟ್ಟು ಎರಡು ಗುಂಪಿನದಕ್ಕೆ ಬಂತು. ಒಂದು ತಲೆಮಾರು ಕಲಿತದ್ದನ್ನು ಆದೇಶವೇ ವ್ಯರ್ಥ ಮಾಡಿತು.

ಟರ್ಕಿಯದು ಇನ್ನೊಂದು ಬಗೆ. ಇಹ್ಸಾನ್ ಸಿಟ್ಕಿ ಯೆನೆರ್ ಅವರ ಮುಂದಾಳ್ತನದಲ್ಲಿ, ಟರ್ಕಿಷ್ ಭಾಷೆಯಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿ ರೂಪಿಸಿದ ‘ಎಫ್’ ಕೀಲಿಮಣೆ 1955ರಲ್ಲಿ ಶಿಷ್ಟವಾಯಿತು. ಬೆರಳಚ್ಚು ಯಂತ್ರಗಳ ಕಾಲದಲ್ಲಿ ಅದು ಗೆದ್ದಿತು. ವೈಯಕ್ತಿಕ ಕಂಪ್ಯೂಟರುಗಳು ಹೊರಗಿನಿಂದ ಬಂದಾಗ ಅವುಗಳ ಜೊತೆ ‘ಕ್ಯೂ’ ಕೀಲಿಮಣೆ ಬಂದು ಮನೆಮನೆಗೂ ಹಬ್ಬಿತು. 2013ರ ಕೊನೆಗೆ ಪ್ರಧಾನಿ ಕಚೇರಿ ಸುತ್ತೋಲೆ ಹೊರಡಿಸಿ, 2017ರೊಳಗೆ ಸರ್ಕಾರಿ ಕಚೇರಿಗಳೆಲ್ಲ ಎಫ್‌ಗೆ ಮರಳಬೇಕೆಂದು ಹೇಳಬೇಕಾಯಿತು. ಒಳ್ಳೆಯ ವಿನ್ಯಾಸವೂ ಹೊಸ ಯಂತ್ರದೊಳಗೆ ಹೊತ್ತಿಗೆ ಸರಿಯಾಗಿ ಕೂರದಿದ್ದರೆ ಕೈತಪ್ಪುತ್ತದೆ.

ಫ್ರಾನ್ಸ್ ಹಿಡಿದ ದಾರಿ ಎಲ್ಲಕ್ಕಿಂತ ಮೆತ್ತನೆಯದು. ಅಂಗಡಿಯಲ್ಲಿ ಸಿಗುವ ಕೀಲಿಮಣೆಯಿಂದ ಫ್ರೆಂಚನ್ನು ತಪ್ಪಿಲ್ಲದೆ ಬರೆಯುವುದು ಕಷ್ಟ ಎಂಬುದನ್ನು ಅಲ್ಲಿನ ಸಂಸ್ಕೃತಿ ಸಚಿವಾಲಯ ಗುರುತಿಸಿತು. ಗುರುತುಗಳನ್ನು ಹೊತ್ತ ದೊಡ್ಡಕ್ಷರಗಳು, ಫ್ರೆಂಚ್ ಉದ್ಧರಣ ಚಿಹ್ನೆಗಳು ಸುಲಭವಾಗಿ ಸಿಗುತ್ತಿರಲಿಲ್ಲ. ರಾಷ್ಟ್ರೀಯ ಮಾನಕ ಸಂಸ್ಥೆ ಅಫ್ನಾರ್ 2019ರಲ್ಲಿ ಪ್ರಕಟಿಸಿದ ಶಿಷ್ಟತೆ ಸುಧಾರಿಸಿದ ಅಜರ್ಟಿ ಮತ್ತು ಬೆಪೊ ಎಂಬ ಎರಡು ವಿನ್ಯಾಸಗಳನ್ನೂ ವಿವರಿಸಿತು. ಅದನ್ನು ಪಾಲಿಸುವುದು ಐಚ್ಛಿಕ. ಭಾಷೆಯ ಅಗತ್ಯವನ್ನು ಸರ್ಕಾರ ಎತ್ತಿ ಹೇಳಿತು, ಆಯ್ಕೆಯನ್ನು ಜನಕ್ಕೆ ಬಿಟ್ಟಿತು.

7. ಆಕ್ಷೇಪಗಳು

ಶಿಷ್ಟತೆಯ ವಿರುದ್ಧ ಹೆಚ್ಚಾಗಿ ಎತ್ತುವ ಉದಾಹರಣೆ ಇಂಗ್ಲಿಷಿನ ಕ್ವರ್ಟಿ. 1870ರ ದಶಕದಲ್ಲಿ ಶೋಲ್ಸ್ ಯಂತ್ರದೊಡನೆ ಬಂದ ಈ ವಿನ್ಯಾಸಕ್ಕಿಂತ, 1936ರಲ್ಲಿ ಆಗಸ್ಟ್ ದ್ವೊರಾಕ್ ಪೇಟೆಂಟ್ ಪಡೆದ ವಿನ್ಯಾಸ ಉತ್ತಮ. ಆದರೂ ಲೋಕ ಹಳೆಯದಕ್ಕೇ ಕಟ್ಟುಬಿದ್ದಿದೆ ಎಂಬ ವಾದವನ್ನು ಅರ್ಥಶಾಸ್ತ್ರಜ್ಞ ಪಾಲ್ ಡೇವಿಡ್ 1985ರಲ್ಲಿ ಮಂಡಿಸಿದರು. ಲೀಬೊವಿಟ್ಜ್ ಮತ್ತು ಮಾರ್ಗೊಲಿಸ್ 1990ರಲ್ಲಿ ಅದನ್ನು ಪ್ರಶ್ನಿಸಿದರು. ಅಮೆರಿಕ ಸರ್ಕಾರದ ಸಾಮಾನ್ಯ ಸೇವಾ ಆಡಳಿತಕ್ಕಾಗಿ ಅರ್ಲ್ ಸ್ಟ್ರಾಂಗ್ 1956ರಲ್ಲಿ ನಡೆಸಿದ ಅಧ್ಯಯನ, ಬೆರಳಚ್ಚುಗಾರರನ್ನು ಹೊಸ ವಿನ್ಯಾಸಕ್ಕೆ ಮರುತರಬೇತಿ ಮಾಡುವುದು ಲಾಭಕರವಲ್ಲ ಎಂದಿತ್ತು. ಇಲ್ಲಿ ಗಮನಿಸಬೇಕಾದದ್ದು ಎರಡು. ಕ್ವರ್ಟಿ ನಿಂತದ್ದು ಸರ್ಕಾರದ ಆದೇಶದಿಂದಲ್ಲ, ಮಾರುಕಟ್ಟೆಯಿಂದ. ಅಂದರೆ ಹೆಪ್ಪುಗಟ್ಟುವ ಗುಣ ಶಿಷ್ಟತೆಗೆಲ್ಲ ಇದೆ, ಸರ್ಕಾರಿ ಶಿಷ್ಟತೆಗೆ ಮಾತ್ರವಲ್ಲ. ಇನ್ನು, ಅಲ್ಲಿ ಸರ್ಕಾರ ಆದೇಶ ಹೊರಡಿಸುವ ಮೊದಲು ಅಳೆದು ನೋಡಿತು. ಅಳೆದು ನೋಡುವ ಆ ಪದ್ಧತಿ ನಮ್ಮಲ್ಲೂ ಬೇಕು.

ಜೀವಕ್ಕೆ ಅಪಾಯವಿರುವ ಕಡೆ ವಿನ್ಯಾಸವನ್ನೇ ಗೊತ್ತುಮಾಡುವುದು ಸರಿ. ಅಮೆರಿಕದಲ್ಲಿ ಸ್ವಯಂಚಾಲಿತ ಗೇರಿನ ಕಾರುಗಳಲ್ಲಿ ಮುಂದಕ್ಕೂ ಹಿಂದಕ್ಕೂ ಹೋಗುವ ಸ್ಥಾನಗಳ ನಡುವೆ ನ್ಯೂಟ್ರಲ್ ಇರಲೇಬೇಕೆಂದು 1968ರಿಂದ ಜಾರಿಗೆ ಬಂದ ಸುರಕ್ಷತಾ ನಿಯಮ ಹೇಳುತ್ತದೆ. ಕೈ ಒಂದು ಅಂಗುಲ ತಪ್ಪಿದರೆ ಪ್ರಾಣ ಹೋಗುವಲ್ಲಿ ತಯಾರಕರ ಸ್ವಾತಂತ್ರ್ಯ ದೊಡ್ಡದಲ್ಲ. ಕೀಲಿಮಣೆಯಲ್ಲಿ ಕೈ ತಪ್ಪಿದರೆ ಅಳಿಸಿ ಬರೆಯಬಹುದು. ಹಾಗಾಗಿ ಅಲ್ಲಿ ಅಷ್ಟು ಬಿಗಿ ಬೇಕಿಲ್ಲ.

ಮೊಬೈಲ್ ಫೋನು ಈ ಮಾತನ್ನು ಇನ್ನಷ್ಟು ಗಟ್ಟಿಮಾಡುತ್ತದೆ. ಬೆರಳೊಂದರಿಂದ ಎಳೆದು ಬರೆಯುವವರು, ಇಂಗ್ಲಿಷ್ ಕಾಗುಣಿತದಲ್ಲಿ ಕನ್ನಡ ಪಡೆಯುವವರು, ವರ್ಣಮಾಲೆಯ ಸಾಲಿನಿಂದ ಆರಿಸುವವರು, ಮಾತಾಡಿ ಬರೆಸುವವರು ಎಲ್ಲರೂ ಇದ್ದಾರೆ. ಅಲ್ಲಿ ಕಗಪವೇ ಇರಬೇಕೆಂದು ಯಾರಾದರೂ ಕಟ್ಟಳೆ ಮಾಡಿದ್ದರೆ ಈ ಬಗೆಗಳು ಬೆಳೆಯುತ್ತಿರಲಿಲ್ಲ. ಕೇಂದ್ರ ಸರ್ಕಾರ 2016ರಲ್ಲಿ ಐಎಸ್ 16333ರ ಮೂರನೆಯ ಭಾಗವನ್ನು ಮೊಬೈಲುಗಳಿಗೆ ಅನ್ವಯಿಸಹೊರಟಾಗ ಕೇಳಿದ್ದು ಬೇರೆಯದನ್ನು: ಸಂವಿಧಾನ ಮಾನ್ಯ ಮಾಡಿದ 22 ಭಾಷೆಗಳ ಪಠ್ಯವನ್ನು ಫೋನು ತೋರಿಸಬಲ್ಲದ್ದಾಗಿರಬೇಕು, ಇಂಗ್ಲಿಷ್, ಹಿಂದಿ ಮತ್ತು ಇನ್ನೊಂದು ಭಾರತೀಯ ಭಾಷೆಯಲ್ಲಿ ಬರೆಯಲು ಬರಬೇಕು. ಫೋನಿಗೆ ಏನು ಸಾಧ್ಯವಾಗಬೇಕು ಎಂಬುದನ್ನು ನಿಯಮ ಹೇಳಿತು. ಹೇಗೆ ಎಂಬುದರಲ್ಲಿ ಹೊಸ ದಾರಿಗಳಿಗೆ ಜಾಗ ಉಳಿಯಿತು.

8. ಸರ್ಕಾರದ ಕೈ ಎಲ್ಲಿರಬೇಕು

ಈ ಸಾಕ್ಷ್ಯಗಳನ್ನು ಒಟ್ಟಿಗೆ ನೋಡಿದರೆ ಇಂಟರ್‌ಫೇಸ್ ಎಂಬ ಒಂದೇ ಪದದ ಅಡಿಯಲ್ಲಿ ಮೂರು ಪದರಗಳಿರುವುದು ಕಾಣುತ್ತದೆ. ಮೂರಕ್ಕೂ ಒಂದೇ ಉತ್ತರ ಕೊಡಹೊರಟದ್ದರಿಂದಲೇ ಚರ್ಚೆ ಇಷ್ಟು ದಿನ ಸುತ್ತಾಡಿದೆ.

ಮೊದಲ ಪದರ ಸಂಗ್ರಹ: ಬರೆದದ್ದು ಯಂತ್ರದೊಳಗೆ ಯಾವ ಸಂಕೇತದಲ್ಲಿ ಉಳಿಯುತ್ತದೆ. ಇಲ್ಲಿ ಸರ್ಕಾರದ ನಿಯಮ ಕಡ್ಡಾಯವಾಗಿರಬೇಕು, ಮತ್ತು ಅದು ಸ್ಥಳೀಯವಲ್ಲದ, ಲೋಕವೆಲ್ಲ ಒಪ್ಪಿದ ಸಂಕೇತವಾಗಿರಬೇಕು. ಇಂದು ಅದು ಯೂನಿಕೋಡ್.

ಎರಡನೆಯದು ಸಾಮರ್ಥ್ಯ: ಯಂತ್ರಕ್ಕೆ ಏನೇನು ಬರಲೇಬೇಕು. ಕನ್ನಡ ತೋರಿಸುವುದು, ಬರೆಸಿಕೊಳ್ಳುವುದು, ಕಣ್ಣು ಕಾಣದವರಿಗೆ ಓದಿ ಹೇಳುವುದು ಇಲ್ಲಿ ಬರುತ್ತವೆ. ಇವೂ ಕಡ್ಡಾಯವೇ ಆಗಬೇಕು. 2024ರ ನವೆಂಬರ್ 8ರಂದು ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ದಿಕ್ಕಿನಲ್ಲಿ ಮಹತ್ವದ ಮಾತು ಹೇಳಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಕಡ್ಡಾಯ ಮಾನದಂಡ ಬಯಸುವಾಗ ಅದರಡಿಯ 15ನೇ ನಿಯಮ ಬರಿಯ ಮಾರ್ಗಸೂಚಿಗಳನ್ನು ಕೊಟ್ಟರೆ ಸಾಲದು ಎಂದು ಆ ನಿಯಮವನ್ನು ಕಾಯ್ದೆಗೆ ಹೊರತಾದದ್ದೆಂದು ತೀರ್ಮಾನಿಸಿತು. ಬಿಡಲಾಗದ ಕನಿಷ್ಠ ನಿಯಮಗಳನ್ನು ಮಾಡಲು ಮೂರು ತಿಂಗಳ ಗಡುವು ಕೊಟ್ಟಿತು. ಸಲಹೆ ಎಲ್ಲಿ ಸಾಕು, ಕಟ್ಟಳೆ ಎಲ್ಲಿ ಬೇಕು ಎಂಬ ಭೇದವನ್ನು ನ್ಯಾಯಾಲಯವೇ ಎಳೆದು ತೋರಿಸಿದೆ.

ಮೂರನೆಯದು ಜೋಡಣೆ: ಯಾವ ಕೀಲಿ ಎಲ್ಲಿ, ಯಾವ ಗುಂಡಿ ಎಲ್ಲಿ. ಇಲ್ಲಿ ಸರ್ಕಾರದ ಕೆಲಸ ಆರಿಸುವುದು, ಪ್ರಕಟಿಸುವುದು, ಉಚಿತವಾಗಿ ಒದಗಿಸುವುದು, ತನ್ನ ಕಚೇರಿಯಲ್ಲಿ ಬಳಸುವುದು. ರಾಜ್ಯದಲ್ಲಿ ಮಾರಾಟವಾಗುವ ಯಂತ್ರದಲ್ಲಿ ಕಗಪ ಇರಲಿ ಎಂದು ಕೇಳುವುದು ನ್ಯಾಯ. ಬೇರೆ ಇರಕೂಡದು ಎನ್ನುವುದು ಅನ್ಯಾಯ. ಇನ್‌ಸ್ಕ್ರಿಪ್ಟ್‌ನಲ್ಲಿ ಕೈ ಪಳಗಿದ ನೌಕರನೂ ಕಗಪ ಬಲ್ಲವನೂ ಬರೆದ ‘ಕನ್ನಡ’ ಯೂನಿಕೋಡಿನಲ್ಲಿ ಒಂದೇ ಐದು ಸಂಕೇತಗಳಾಗಿ ಉಳಿಯುತ್ತದೆ. ಮೊದಲ ಪದರ ಬಿಗಿಯಾಗಿದ್ದರೆ ಮೂರನೆಯದನ್ನು ಸಡಿಲ ಬಿಡಬಹುದು. ನೇಮಕಾತಿ ಪರೀಕ್ಷೆಗಳಲ್ಲಿಯೂ ಅಳೆಯಬೇಕಾದದ್ದು ಕನ್ನಡ ಬರೆಯುವ ವೇಗ ಮತ್ತು ಶುದ್ಧಿ. ಅಭ್ಯರ್ಥಿ ಯಾವ ವಿನ್ಯಾಸದಿಂದ ಬರೆದರು ಎಂಬುದು ಮುಖ್ಯವಾಗಬಾರದು.

ಇವಕ್ಕೆಲ್ಲ ಸಾಮಾನ್ಯವಾದ ಒಂದು ಷರತ್ತನ್ನು ಫಾಂಟ್ ಸಂಕೇತದ ಕಥೆ ಕಲಿಸಿದೆ. ಪ್ರತಿ ಶಿಷ್ಟತೆಯ ಆದೇಶದಲ್ಲೂ ಅದನ್ನು ಮತ್ತೆ ಪರಿಶೀಲಿಸುವ ವರ್ಷ ಬರೆದಿರಬೇಕು. ಹಳೆಯದನ್ನು ಬಿಡುವಾಗ ಹಳೆಯ ಕಡತಗಳನ್ನು ಹೊಸ ಸಂಕೇತಕ್ಕೆ ಪರಿವರ್ತಿಸುವ ಹೊಣೆಯೂ ಅದೇ ಆದೇಶದಲ್ಲಿ ಇರಬೇಕು.

9. ತೀರ್ಮಾನ

ಸರ್ಕಾರ ಇಂಟರ್‌ಫೇಸನ್ನು ಶಿಷ್ಟಗೊಳಿಸಬೇಕೇ ಎಂಬ ಪ್ರಶ್ನೆಗೆ ಕನ್ನಡದ ಅನುಭವ ಕೊಡುವ ಉತ್ತರ ಹೀಗಿದೆ. ಕಡತಕ್ಕೆ ಕಟ್ಟಳೆ ಬೇಕು, ಯಂತ್ರದ ಸಾಮರ್ಥ್ಯಕ್ಕೆ ಕಟ್ಟಳೆ ಬೇಕು, ಬೆರಳಿಗೆ ಆಸರೆ ಸಾಕು. ಕೆ. ಪಿ. ರಾವ್ ಅವರ ವಿನ್ಯಾಸ ಬಾಳಿದ್ದು ಸರ್ಕಾರ ಅದನ್ನು ಹೇರಿದ್ದರಿಂದಲ್ಲ. ಜನರ ಕೈಯಲ್ಲಿ ಇದ್ದದ್ದನ್ನು ಗುರುತಿಸಿ, ಉಚಿತವಾಗಿ ಎಲ್ಲರಿಗೂ ದಕ್ಕಿಸಿದ್ದರಿಂದ.

ಈಗ ಉಳಿದಿರುವ ಕೆಲಸ ಒಂದು. ಕಚೇರಿಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ, ಮನೆಯ ಹಳೆಯ ಸಿಡಿಗಳಲ್ಲಿ ಫಾಂಟ್ ಸಂಕೇತದ ಕನ್ನಡ ಕಡತಗಳು ಇನ್ನೂ ಇವೆ. ಅವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಇದನ್ನು ಓದುವವರ ಬಳಿ ಅಂಥ ಒಂದು ಕಡತವಾದರೂ ಇದ್ದರೆ, ಅದನ್ನು ಬದಲಿಸಿ, ತಪ್ಪು ತಿದ್ದಿ, ಉಳಿಸಿಡಿ.